ಬೆನ್ನಿನ ಆಪರೇಷನ್ ಆದ ಮೇಲೆ: ಮಂಚದಿಂದ ಕೆಲಸದವರೆಗೆ, ಹಂತ ಹಂತವಾಗಿ

ಆಸ್ಪತ್ರೆಯಿಂದ ಹೊರಡುವಾಗ ನನ್ನ ಕೈಗೆ ಕೊಟ್ಟ ಡಿಸ್ಚಾರ್ಜ್ ಹಾಳೆಯಲ್ಲಿ ಮಾತ್ರೆಗಳ ಪಟ್ಟಿ ಇತ್ತು. ಹೊಲಿಗೆ ಬಿಚ್ಚುವ ದಿನಾಂಕ ಇತ್ತು. ಕೊನೆಗೆ ಒಂದೇ ಸಾಲು: ‘ರೆಸ್ಟ್, 6 ವಾರ’. ರೆಸ್ಟ್ ಅಂದರೆ ಏನು? ಮಲಗಿಯೇ ಇರಬೇಕಾ? ಮೆಟ್ಟಿಲು ಹತ್ತಬಹುದಾ? ಒಲೆ ಮುಂದೆ ನಿಲ್ಲಬಹುದಾ? ಕೇಳೋಣ ಎಂದರೆ ಡಾಕ್ಟರು ಇನ್ನೊಂದು ಆಪರೇಷನ್‌ಗೆ ಹೋಗಿಯಾಗಿತ್ತು.

ಮನೆಯಲ್ಲಿ ಅತ್ತೆ ಮಂಚಕ್ಕೆ ಹೊಸ ಹೊದಿಕೆ ಹಾಸಿ ಕಾಯುತ್ತಿದ್ದರು. ‘ಮೂರು ತಿಂಗಳು ಮಂಚ ಇಳೀಬೇಡ ಕಣಮ್ಮ, ಬೆನ್ನು ಅಂದ್ರೆ ಸುಮ್ನೆ ಅಲ್ಲ’ ಎಂದರು. ಪ್ರೀತಿಯಿಂದ ಹೇಳಿದ ಮಾತು ಅದು. ಆದರೆ ಹಾಗೆ ಮಲಗಿದ್ದರೆ ನಾನು ಏಳು ವಾರಕ್ಕೆ ತರಗತಿಗೆ ಮರಳುತ್ತಿರಲಿಲ್ಲ.

ನಾನು ಹೈಸ್ಕೂಲ್ ಟೀಚರ್. ಆಗಿದ್ದು ಸೊಂಟದ ಕೊನೆಯ ಡಿಸ್ಕ್‌ನ ಆಪರೇಷನ್, ಎಡಗಾಲಿಗೆ ಹೋಗುವ ನರ ಒತ್ತಿತ್ತು. ಅದಕ್ಕೆ ಎರಡು ವರ್ಷ ಮೊದಲು ನಮ್ಮ ಚಿಕ್ಕಪ್ಪನಿಗೆ ಸ್ಕ್ರೂ, ರಾಡ್ ಹಾಕುವ ದೊಡ್ಡ ಆಪರೇಷನ್ ಆಗಿತ್ತು. ಅವರು ಆಟೋ ಓಡಿಸುತ್ತಾರೆ. ಇಬ್ಬರದೂ ಬೆನ್ನೇ, ಆದರೆ ದಾರಿ ಬೇರೆ ಬೇರೆ. ಆ ಎರಡು ದಾರಿಯಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಎಲ್ಲದಕ್ಕೂ ಹಿಂದಿರುವ ಮಾತು ಒಂದೇ. ಬೆನ್ನಿನ ಆಪರೇಷನ್ ಮಲಗಿ ವಾಸಿಯಾಗುವಂಥದ್ದಲ್ಲ, ನಡೆದು ವಾಸಿಯಾಗುವಂಥದ್ದು. ನಡಿಗೆ ಬೇಗ ಬರುತ್ತದೆ. ಕೂರುವುದು ನಿಧಾನವಾಗಿ ಬರುತ್ತದೆ. ಕೆಲಸಕ್ಕೆ ಯಾವಾಗ ಹೋಗಬಹುದು ಎಂಬುದನ್ನು ಹೆಚ್ಚಿನವರಿಗೆ ಈ ಎರಡನೆಯದೇ ತೀರ್ಮಾನಿಸುತ್ತದೆ.

ಇಲ್ಲಿ ಬರೆದದ್ದಕ್ಕೂ ನಿಮ್ಮ ಡಾಕ್ಟರು ಹೇಳಿದ್ದಕ್ಕೂ ವ್ಯತ್ಯಾಸ ಇದ್ದರೆ ಅವರ ಮಾತನ್ನೇ ಕೇಳಿ. ನಿಮ್ಮ ಬೆನ್ನನ್ನು ಒಳಗಿನಿಂದ ನೋಡಿದವರು ಅವರು.

ನಿಮಗೆ ಆಗಿದ್ದು ಯಾವ ಆಪರೇಷನ್?

ಇದನ್ನು ತಿಳಿಯದೆ ಪಕ್ಕದ ಮನೆಯವರ ಲೆಕ್ಕ ಹಿಡಿದು ನಡೆಯಬೇಡಿ. ಸೊಂಟದಲ್ಲಿ ಐದು ಮೂಳೆಗಳಿವೆ, ನಡುವೆ ಡಿಸ್ಕ್ ಎಂಬ ಮೆತ್ತೆಗಳು. ಕೆಳಗಿನ ಎರಡು ಡಿಸ್ಕ್, ಅಂದರೆ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನದು (ಎಲ್4-ಎಲ್5) ಮತ್ತು ಐದನೆಯದಕ್ಕೂ ಅದರ ಕೆಳಗಿನ ಮೂಳೆಗೂ ನಡುವಿನದು (ಎಲ್5-ಎಸ್1), ಜಾರುವುದು ಜಾಸ್ತಿ. ಜಾರಿ ನರಕ್ಕೆ ಒತ್ತುತ್ತಿರುವ ಚೂರನ್ನು ಮಾತ್ರ ತೆಗೆದರೆ ಅದು ಡಿಸ್ಕೆಕ್ಟಮಿ. ಮೈಕ್ರೋಸ್ಕೋಪ್ ಇಟ್ಟು ಮಾಡಿದರೆ ಗಾಯ ಸುಮಾರು ಒಂದು ಇಂಚು. ಅದೇ ದಿನ ಅಥವಾ ಮರುದಿನ ಎಬ್ಬಿಸಿ ನಡೆಸುತ್ತಾರೆ.

ಸ್ಕ್ರೂ ಹಾಕುವುದು ಫ್ಯೂಷನ್. ಎರಡು ಮೂಳೆಗಳನ್ನು ಬೆಸೆದು ಒಂದಾಗಿಸುವ ಕೆಲಸ ಅದು. ತುಂಬ ಜನ ಸ್ಕ್ರೂ ಹಾಕಿದ ದಿನವೇ ಬೆನ್ನು ಗಟ್ಟಿಯಾಯಿತು ಎಂದುಕೊಳ್ಳುತ್ತಾರೆ. ಹಾಗಲ್ಲ. ಸ್ಕ್ರೂ, ರಾಡ್ ಇರುವುದು ಮೂಳೆ ಬೆಳೆದು ಕೂಡುವ ತನಕ ಹಿಡಿದಿಡುವುದಕ್ಕೆ, ತಾರಸಿ ಹಾಕುವಾಗ ಕೆಳಗೆ ಕೊಡುವ ಸೆಂಟ್ರಿಂಗ್ ಇದ್ದ ಹಾಗೆ. ಮೂಳೆ ಕೂಡಲು 3ರಿಂದ 6 ತಿಂಗಳು ಬೇಕು, ಕೆಲವರಿಗೆ ವರ್ಷವೇ ಆಗುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡದೇ ಹೋಗುವ ಸಾಧ್ಯತೆ ಜಾಸ್ತಿ. ಚಿಕ್ಕಪ್ಪ ಇಪ್ಪತ್ತೈದು ವರ್ಷದ ಬೀಡಿ ಬಿಟ್ಟಿದ್ದು ಆಗಲೇ. ಇನ್ನೊಂದು ವಿಷಯ: ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ. ಅವು ಮೂಳೆ ಕೂಡುವುದಕ್ಕೆ ಅಡ್ಡಿಯಾಗಬಹುದು. ಡಾಕ್ಟರು ಬರೆದಿದ್ದನ್ನಷ್ಟೇ ತೆಗೆದುಕೊಳ್ಳಿ.

ಡಿಸ್ಚಾರ್ಜ್ ಆಗುವ ಮೊದಲು ಒಂದು ಚೀಟಿಯಲ್ಲಿ ಇಷ್ಟನ್ನು ಬರೆದುಕೊಂಡು ಕೇಳಿ. ಎಷ್ಟು ಭಾರ, ಯಾವ ದಿನಾಂಕದವರೆಗೆ ಎತ್ತಬಾರದು? ಬೆಲ್ಟ್ ಕಟ್ಟಬೇಕಾ, ಎಷ್ಟು ಹೊತ್ತು, ಎಷ್ಟು ವಾರ? ಗಾಯಕ್ಕೆ ನೀರು ಯಾವಾಗ ತಾಗಿಸಬಹುದು? ಫಿಸಿಯೋ ಯಾವಾಗ ಶುರು? ರಾತ್ರಿ ಹೊತ್ತು ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ನೋವಲ್ಲಿರುವವರಿಗೆ ಇದೆಲ್ಲ ನೆನಪಾಗುವುದಿಲ್ಲ, ಜೊತೆಗಿರುವವರೇ ಕೇಳಬೇಕು.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು

ವ್ಯಾಯಾಮಕ್ಕಿಂತ ಮುಂಚೆ ಇದನ್ನು ಮನೆಮಂದಿಗೆಲ್ಲ ತಿಳಿಸಿಬಿಡಿ.

- ಮೂತ್ರ ಕಟ್ಟಿದರೆ, ಅಥವಾ ಗೊತ್ತಾಗದೆ ಮೂತ್ರ, ಮಲ ಹೋದರೆ. ಮಲಮೂತ್ರ ದ್ವಾರದ ಸುತ್ತ, ತೊಡೆಯ ಒಳಭಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ. ಇದು ಗಂಟೆಗಳ ಲೆಕ್ಕದ ತುರ್ತು, ಬೆಳಗಾಗಲಿ ಎಂದು ಕಾಯಬಾರದು.
- ಕಾಲಿನ ಬಲ ದಿಢೀರ್ ಕುಗ್ಗಿದರೆ, ನಡೆಯುವಾಗ ಪಾದ ಎತ್ತಲಾಗದೆ ನೆಲಕ್ಕೆ ಉಜ್ಜಿದರೆ.
- ಜ್ವರ, ಚಳಿ, ಗಾಯ ಕೆಂಪಾಗಿ ಊದುವುದು, ಕೀವು.
- ಗಾಯದಿಂದ ನೀರಿನಂಥ ದ್ರವ ಸೋರಿದರೆ. ಎದ್ದು ಕೂತರೆ ತಲೆ ಸಿಡಿದು, ಮಲಗಿದರೆ ಕಡಿಮೆಯಾದರೆ.
- ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟಿದಂತಾಗುವುದು, ಎದೆನೋವು. ರಕ್ತ ಹೆಪ್ಪುಗಟ್ಟಿರಬಹುದು.

ಈ ಕೊನೆಯದರ ಭಯ ಜಾಸ್ತಿ ಇರುವುದು ಮಲಗೇ ಇರುವವರಿಗೆ. ಮಂಚ ಇಳಿಯಬೇಕು ಎನ್ನುವುದಕ್ಕೆ ಅದೂ ಒಂದು ಕಾರಣ.

ಮೊದಲ ಪಾಠ: ಮಂಚದಿಂದ ಏಳುವುದು

ಆಪರೇಷನ್‌ಗೆ ಮೊದಲು ನಾವೆಲ್ಲ ಏಳುವುದು ಹೇಗೆ? ಮಲಗಿದಲ್ಲಿಂದ ತಲೆ ಎತ್ತಿ, ಹೊಟ್ಟೆ ಬಿಗಿಹಿಡಿದು, ಒಂದೇ ಏಟಿಗೆ ಎದ್ದು ಕೂರುತ್ತೇವೆ. ಈಗ ಅದು ಬೇಡ. ಮರದ ದಿಮ್ಮಿ ಉರುಳಿದ ಹಾಗೆ ಉರುಳಬೇಕು. ನನಗೆ ಕಲಿಸಿದ ಫಿಸಿಯೋ ಹೇಳಿದ ಕ್ರಮ ಇದು:

1. ಅಂಗಾತ ಮಲಗಿದಲ್ಲೇ ಎರಡೂ ಮೊಣಕಾಲು ಮಡಚಿ, ಪಾದ ಹಾಸಿಗೆಗೆ ಊರಿ.
2. ಮಂಚದ ಅಂಚಿನ ಕಡೆಗೆ ತಿರುಗಿ. ಭುಜ, ಸೊಂಟ, ಮೊಣಕಾಲು ಮೂರೂ ಒಟ್ಟಿಗೆ ತಿರುಗಬೇಕು. ಭುಜ ಮೊದಲು ತಿರುಗಿ ಸೊಂಟ ಆಮೇಲೆ ಬಂದರೆ ಬೆನ್ನು ತಿರುಚಿದ ಹಾಗೆ.
3. ಮಗ್ಗುಲಾದ ಮೇಲೆ ಒಂದು ಉಸಿರು ನಿಲ್ಲಿ. ಮೇಲಿನ ಕೈಯನ್ನು ಎದೆ ಮುಂದೆ ಹಾಸಿಗೆಗೆ ಊರಿ.
4. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡುತ್ತಲೇ ಕೈಯಿಂದ ಹಾಸಿಗೆಯನ್ನು ತಳ್ಳಿ. ಕಾಲಿನ ಭಾರವೇ ಮೈಯನ್ನು ಎತ್ತುತ್ತದೆ.
5. ಒಂದು ನಿಮಿಷ ಅಂಚಿನಲ್ಲಿ ಕೂತಿರಿ. ತಲೆ ಸುತ್ತು ಇಲ್ಲವೆಂದರೆ ಎದ್ದು ನಿಲ್ಲಿ.

ಮಲಗುವಾಗ ಇದನ್ನೇ ಹಿಂದುಮುಂದಾಗಿ ಮಾಡಿ. ಮೊದಲ ದಿನ ನನಗೆ ಇದಕ್ಕೆ ನಾಲ್ಕು ನಿಮಿಷ ಹಿಡಿಯಿತು, ಹಣೆಯಲ್ಲಿ ಬೆವರು. ಐದನೇ ದಿನಕ್ಕೆ ಅರ್ಧ ನಿಮಿಷ. ಈಗಲೂ ಹಾಗೇ ಏಳುತ್ತೇನೆ.

ಮಗ್ಗುಲಾಗಿ ಮಲಗಿದರೆ ಮೊಣಕಾಲುಗಳ ನಡುವೆ ದಿಂಬು, ಅಂಗಾತ ಮಲಗಿದರೆ ಮೊಣಕಾಲುಗಳ ಕೆಳಗೆ ದಿಂಬು. ನೆಲದ ಮೇಲೆ ಚಾಪೆ ಹಾಸಿ ಮಲಗಬೇಡಿ. ಗಟ್ಟಿ ನೆಲ ಬೆನ್ನಿಗೆ ಒಳ್ಳೆಯದು ಎಂದು ತುಂಬ ಜನ ಹೇಳುತ್ತಾರೆ. ಅದಿರಲಿ, ನೆಲದಿಂದ ಏಳುವುದು ಹೇಗೆ? ಮಂಚ ನಿಮ್ಮ ಮೊಣಕಾಲಿನ ಎತ್ತರಕ್ಕಿದ್ದರೆ ಸರಿ.

ಮನೆಯಲ್ಲಿ ಮೊದಲೇ ಮಾಡಿಡಬೇಕಾದದ್ದು

ಮೊದಲು ಬಚ್ಚಲು, ಟಾಯ್ಲೆಟ್. ಇಂಡಿಯನ್ ಟಾಯ್ಲೆಟ್‌ನಲ್ಲಿ ಕುಕ್ಕರಗಾಲಲ್ಲಿ ಕೂರುವುದು ಮೊದಲ ವಾರಗಳಲ್ಲಿ ಆಗುವುದಿಲ್ಲ. ವೆಸ್ಟರ್ನ್ ಕಮೋಡ್ ಇಲ್ಲದಿದ್ದರೆ ನಡುವೆ ತೂತಿರುವ ಕಮೋಡ್ ಚೇರು ಸಿಗುತ್ತದೆ. ಆಸ್ಪತ್ರೆ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ, ಹಲವು ಕಡೆ ತಿಂಗಳ ಬಾಡಿಗೆಗೂ ಕೊಡುತ್ತಾರೆ. ಆಪರೇಷನ್‌ಗೆ ಮೊದಲೇ ತಂದಿಡಿ.

ಟ್ರಮಡಾಲ್ ಥರದ ನೋವಿನ ಮಾತ್ರೆಗಳಿಂದ ಮಲಬದ್ಧತೆ ಆಗುತ್ತದೆ. ಮುಕ್ಕಿದರೆ ಬೆನ್ನಿಗೆ ನೋವು. ಪರಂಗಿಹಣ್ಣು, ಸೊಪ್ಪಿನ ಸಾರು, ಮಾತ್ರೆಯ ಜೊತೆಗೆ ಬಿಡದೆ ಕುಡಿಯುವ ನೀರು ನನಗೆ ಸಾಕಾಯಿತು. ಚಿಕ್ಕಪ್ಪನಿಗೆ ಇಸಬ್ಗೋಲ್ ಬೇಕಾಯಿತು. ಎರಡು ದಿನ ಹೋಗದಿದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ.

ಸ್ನಾನ ಕುರ್ಚಿ ಮೇಲೆ ಕೂತು ಮಾಡಿ, ನೀರನ್ನು ಬೇರೆಯವರು ತುಂಬಿಟ್ಟಿರಲಿ. ಬಚ್ಚಲಲ್ಲಿ ಜಾರುವ ಹಾಗಿದ್ದರೆ ರಬ್ಬರ್ ಮ್ಯಾಟ್ ಹಾಕಿ. ಮೊಬೈಲ್ ಚಾರ್ಜರ್, ನೀರಿನ ಬಾಟಲಿ, ಮಾತ್ರೆ, ಬಟ್ಟೆ ಎಲ್ಲವೂ ಸೊಂಟದಿಂದ ಎದೆಯ ಎತ್ತರದೊಳಗೆ ಇರಲಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ, ಜಾರುವ ಹವಾಯಿ ಬೇಡ. ಗಾಯ ಪೂರ್ತಿ ಒಣಗುವ ತನಕ ಅದರ ಹತ್ತಿರ ಎಣ್ಣೆ ತಿಕ್ಕುವುದು, ಬಿಸಿ ನೀರಿನ ಶಾಖ ಯಾವುದೂ ಬೇಡ. ನಾಟಿ ವೈದ್ಯರ ಹತ್ತಿರ ಸೊಂಟ ‘ತೆಗೆಸಲು’ ಹೋಗುವುದಂತೂ ಯಾವತ್ತೂ ಬೇಡ.

ನಡಿಗೆ

ಮೊದಲ ವಾರ ಒಂದು ಸಲಕ್ಕೆ 5 ನಿಮಿಷ, ದಿನಕ್ಕೆ ಐದಾರು ಸಲ. ಮನೆಯ ಹಾಲ್‌ನಲ್ಲೇ ಸಾಕು. ಎರಡನೇ ವಾರ 10 ನಿಮಿಷಕ್ಕೆ ಏರಿಸಿ. ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಐದೈದು ನಿಮಿಷ ಸೇರಿಸುತ್ತಾ ಹೋದರೆ ಆರನೇ ವಾರದ ಹೊತ್ತಿಗೆ ದಿನಕ್ಕೆ ಎರಡು ಸಲ ಅರ್ಧ ಗಂಟೆ ನಡೆಯಬಹುದು. ಫ್ಯೂಷನ್ ಆದವರು ಇನ್ನೂ ನಿಧಾನ, ಆದರೆ ಅವರೂ ಮೊದಲ ದಿನಗಳಿಂದಲೇ ನಡೆಯಬೇಕು.

ನಡಿಗೆ ಜಾಸ್ತಿ ಆಯಿತೋ ಇಲ್ಲವೋ ತಿಳಿಯುವುದು ಹೇಗೆ? ಬೆನ್ನಿನ ಗಾಯದ ಹತ್ತಿರ ಬಿಗಿತ, ಆಯಾಸ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡಿ. ಕಾಲಿನ ಕಡೆ ಗಮನ ಇಡಿ. ನಡೆದ ಮೇಲೆ ಕಾಲಿನ ಸೆಳೆತ ಜಾಸ್ತಿಯಾಗಿ ಮರುದಿನ ಬೆಳಿಗ್ಗೆಯೂ ಹಾಗೇ ಇದ್ದರೆ ಹಿಂದಿನ ಲೆಕ್ಕಕ್ಕೆ ಇಳಿಯಿರಿ. ನೋವು ಪಾದದಿಂದ ಮೇಲಕ್ಕೆ, ಸೊಂಟದ ಕಡೆ ಸರಿಯುತ್ತಿದ್ದರೆ ಒಳ್ಳೆಯ ಸೂಚನೆ. ಸೊಂಟದಿಂದ ಪಾದಕ್ಕೆ ಇಳಿಯುತ್ತಿದ್ದರೆ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ.

ಮೆಟ್ಟಿಲಿಗೆ ಒಂದು ಸೂತ್ರ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಕೈಹಿಡಿ ಬಿಡಬೇಡಿ.

ನಾನು ಹಳೆಯ ಹಾಜರಿ ಪುಸ್ತಕದಲ್ಲಿ ದಿನಕ್ಕೆ ಮೂರು ಅಂಕಿ ಬರೆಯುತ್ತಿದ್ದೆ: ಒಟ್ಟು ಎಷ್ಟು ನಿಮಿಷ ನಡೆದೆ, ಒಮ್ಮೆಗೆ ಎಷ್ಟು ನಿಮಿಷ ಕೂತೆ, ರಾತ್ರಿ ಮಲಗುವಾಗ ಕಾಲುನೋವು ಹತ್ತಕ್ಕೆ ಎಷ್ಟು. ದಿನದಿಂದ ದಿನಕ್ಕೆ ನೋಡಿದರೆ ಏನೂ ಬದಲಾಗಿಲ್ಲ ಅನ್ನಿಸಿ ಅಳು ಬರುತ್ತಿತ್ತು. ಹತ್ತು ದಿನ ಹಿಂದಿನ ಪುಟ ತಿರುಗಿಸಿದರೆ ಧೈರ್ಯ ಬರುತ್ತಿತ್ತು. ಫಾಲೋ ಅಪ್‌ಗೆ ಹೋದಾಗ ಡಾಕ್ಟರು ಮೊದಲು ಕೇಳಿ ತೆಗೆದುಕೊಂಡದ್ದು ಆ ಪುಸ್ತಕವನ್ನೇ.

ಮಂಚದ ಮೇಲೆ ಮಾಡುವ ಸಣ್ಣ ವ್ಯಾಯಾಮ ಮೊದಲ ದಿನದಿಂದಲೇ ಇರುತ್ತದೆ: ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮೊಣಕಾಲು ಮಡಚುವುದು, ಹೊಟ್ಟೆಯನ್ನು ಮೆಲ್ಲಗೆ ಬಿಗಿಹಿಡಿದು ಐದು ಎಣಿಸಿ ಬಿಡುವುದು. ಉಳಿದದ್ದು ಫಿಸಿಯೋ ಕಲಿಸಿದಂತೆ. ಯೋಗ ಗೊತ್ತಿರುವವರು ಆತುರಪಡಬೇಡಿ. ಸೂರ್ಯ ನಮಸ್ಕಾರ, ಪಶ್ಚಿಮೋತ್ತಾನಾಸನ, ತಿರುಚುವ ಆಸನಗಳು ಮೊದಲ ಮೂರು ತಿಂಗಳು ಬೇಡ. ಫ್ಯೂಷನ್ ಆಗಿದ್ದರೆ ಡಾಕ್ಟರನ್ನು ಕೇಳದೆ ಬೇಡವೇ ಬೇಡ.

ಕೂರುವುದು: ಎಲ್ಲರೂ ಎಡವುವ ಜಾಗ

ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ಮೂಳೆ ತಜ್ಞರು 1960ರ ದಶಕದಲ್ಲಿ ಮನುಷ್ಯರ ಡಿಸ್ಕ್‌ನೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. ಮಲಗಿದಾಗ ಒತ್ತಡ ತೀರಾ ಕಡಿಮೆ, ನಿಂತಾಗ ಅದಕ್ಕಿಂತ ಹೆಚ್ಚು, ಮುಂದಕ್ಕೆ ಬಾಗಿ ಕೂತಾಗ ನಿಂತದ್ದಕ್ಕಿಂತಲೂ ಹೆಚ್ಚು. ಮನೆಗೆ ಬಂದ ನೆಂಟರೆಲ್ಲ ‘ಯಾಕಮ್ಮ ನಿಂತೇ ಇದ್ದೀಯ, ಕೂತ್ಕೋ’ ಎಂದು ಒತ್ತಾಯ ಮಾಡುತ್ತಾರಲ್ವಾ, ಅವರಿಗೆ ಈ ಮಾತನ್ನು ಹೇಳಿ. ಮೆತ್ತನೆ ಸೋಫಾದಲ್ಲಿ ಮುಳುಗಿ, ಮೊಬೈಲ್ ನೋಡುತ್ತಾ ಕೂರುವುದು ಹೊಸದಾಗಿ ಆಪರೇಷನ್ ಆದ ಡಿಸ್ಕ್‌ಗೆ ದೊಡ್ಡ ಶಿಕ್ಷೆ.

ಕುರ್ಚಿ ಗಟ್ಟಿಯಾಗಿರಲಿ, ಕೈ ಇರಲಿ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಕೈ ಒರೆಸುವ ಟವೆಲನ್ನು ಸುರುಳಿ ಸುತ್ತಿ ಸೊಂಟದ ಕುಳಿಯಿರುವ ಜಾಗಕ್ಕೆ ಕೊಟ್ಟು ಹಿಂದಕ್ಕೆ ಒರಗಿ. ಮೊದಲ ವಾರ ಊಟದ ಹೊತ್ತಿಗೆ ಮಾತ್ರ, 10ರಿಂದ 15 ನಿಮಿಷ. ಎರಡು ದಿನಕ್ಕೊಮ್ಮೆ ಐದು ನಿಮಿಷ ಏರಿಸಿ. ಎಷ್ಟೇ ಆರಾಮ ಅನ್ನಿಸಿದರೂ ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಮಣೆ ಮೇಲೆ ಕೂರುವುದು ಎರಡು ಮೂರು ತಿಂಗಳು ಬೇಡ. ಪೂಜೆ, ಮದುವೆ ಮನೆ ಊಟ ಎಲ್ಲದಕ್ಕೂ ಕುರ್ಚಿ ಕೇಳಿ. ಸಂಕೋಚ ಮಾಡಿಕೊಳ್ಳಬೇಡಿ.

ಮೂರನೇ ವಾರದ ಮೋಸ

ನನ್ನ ತಪ್ಪು ನಡೆದದ್ದು ಹತ್ತೊಂಬತ್ತನೇ ದಿನ. ಕಾಲುನೋವು ಪೂರ್ತಿ ಹೋಗಿತ್ತು. ಹೊಲಿಗೆ ಬಿಚ್ಚಿಯಾಗಿತ್ತು. ಬಚ್ಚಲಲ್ಲಿ ಅರ್ಧ ಬಕೆಟ್ ನೀರು ದಾರಿಗೆ ಅಡ್ಡ ಇತ್ತು. ಬಗ್ಗಿದೆ, ಎತ್ತಿದೆ, ಸೊಂಟ ತಿರುಗಿಸಿ ಪಕ್ಕಕ್ಕಿಟ್ಟೆ. ಬಾಗಬಾರದು, ಎತ್ತಬಾರದು, ತಿರುಚಬಾರದು ಎಂದು ಹೇಳಿದ್ದ ಮೂರನ್ನೂ ಎರಡೇ ಸೆಕೆಂಡಿನಲ್ಲಿ ಮಾಡಿದ್ದೆ. ಸಂಜೆಗೆ ಹಳೆಯ ಸೆಳೆತ ಹಿಮ್ಮಡಿಯವರೆಗೆ ಬಂತು. ನಾಲ್ಕು ದಿನ ಹೆದರಿಕೆಯಲ್ಲಿ ನಿದ್ದೆ ಇಲ್ಲ. ನನ್ನ ಪುಣ್ಯ, ಡಿಸ್ಕ್ ಮತ್ತೆ ಜಾರಿರಲಿಲ್ಲ.

ನೋವು ಹೋಗುವುದಕ್ಕೂ ಗಾಯ ಮಾಗುವುದಕ್ಕೂ ನಡುವೆ ಅಂತರ ಇದೆ. ಡಿಸ್ಕ್‌ನ ಹೊರಪದರದಲ್ಲಿ ಆದ ತೂತು ಮೂರು ವಾರದಲ್ಲಿ ಗಟ್ಟಿಯಾಗುವುದಿಲ್ಲ. ಡಿಸ್ಕೆಕ್ಟಮಿ ಆದವರಲ್ಲಿ ಸುಮಾರು 100ಕ್ಕೆ 5ರಿಂದ 10 ಜನರಿಗೆ ಅದೇ ಜಾಗದಲ್ಲಿ ಮತ್ತೆ ಜಾರುವುದುಂಟು. ಆದ್ದರಿಂದ ಮೊದಲ ಆರು ವಾರ ನೀರು ತುಂಬಿದ ಎರಡು ಲೀಟರ್ ಬಾಟಲಿಗಿಂತ ಭಾರದ್ದನ್ನು ಎತ್ತಬೇಡಿ. ಒಂದು ಬಕೆಟ್ ನೀರೇ ಹದಿನೈದು ಕೆ.ಜಿ. ಆಗಬಹುದು. ತುಂಬಿದ ಗ್ಯಾಸ್ ಸಿಲಿಂಡರ್, ಕಬ್ಬಿಣದ ಭಾರವೂ ಸೇರಿ, ಸುಮಾರು ಮೂವತ್ತು. ಓಡಿ ಬಂದು ‘ಎತ್ಕೋ’ ಎನ್ನುವ ಮೂರು ವರ್ಷದ ಮಗು ಹನ್ನೆರಡು ಹದಿಮೂರು. ಕುರ್ಚಿಯಲ್ಲಿ ಕೂತು ಮಗುವನ್ನು ಬೇರೆಯವರಿಂದ ತೊಡೆಗೆ ಹತ್ತಿಸಿಕೊಳ್ಳಿ.

ಹಾಗೆಂದು ಜೀವನಪೂರ್ತಿ ಹೆದರಿ ಬದುಕಬೇಕೇ? ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯೂಜಿನ್ ಕ್ಯಾರಾಗಿ ಎಂಬ ಸರ್ಜನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಿಸ್ಕೆಕ್ಟಮಿ ಆದ 50 ಜನರಿಗೆ ಯಾವ ನಿರ್ಬಂಧವನ್ನೂ ಹಾಕದೆ, ಆದಷ್ಟು ಬೇಗ ಮಾಮೂಲಿ ಓಡಾಟಕ್ಕೆ ಮರಳಿ ಎಂದಿದ್ದರು. ಅವರು ಸರಾಸರಿ ಎರಡು ವಾರದೊಳಗೆ ಕೆಲಸಕ್ಕೆ ಹೋಗಿದ್ದರು. ಅಷ್ಟು ಆತುರ ಎಲ್ಲರಿಗೂ ಸರಿ ಎಂದು ನಾನು ಹೇಳುವುದಿಲ್ಲ. ಅವರ ಊರಿನ ರಸ್ತೆ, ಕೆಲಸ, ಮನೆ ಬೇರೆ. ಆದರೆ ಭಯವೇ ಎಷ್ಟೋ ಜನರನ್ನು ಮಂಚಕ್ಕೆ ಕಟ್ಟಿಹಾಕುತ್ತದೆ ಎಂಬುದಕ್ಕೆ ಅದು ಒಳ್ಳೆಯ ಉತ್ತರ.

ಬಗ್ಗುವುದನ್ನು ಹೊಸದಾಗಿ ಕಲಿಯುವುದು

ನಾಲ್ಕರಿಂದ ಆರು ವಾರಕ್ಕೆ ಫಿಸಿಯೋ ಒಪ್ಪಿದ ಮೇಲೆ ಇದನ್ನು ಶುರು ಮಾಡಿ. ಮಾಪಿನ ಕೋಲನ್ನು ಬೆನ್ನ ಹಿಂದೆ ಉದ್ದಕ್ಕೆ ಹಿಡಿಯಿರಿ, ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಕೋಲು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಭುಜದ ಎಲುಬುಗಳ ನಡುವೆ, ಬಾಲಮೂಳೆ. ಈಗ ಮೊಣಕಾಲು ಸ್ವಲ್ಪ ಸಡಿಲ ಬಿಟ್ಟು, ಹಿಂದಿರುವ ಬಾಗಿಲನ್ನು ಕುಂಡಿಯಿಂದ ಮುಚ್ಚುವ ಹಾಗೆ ಹಿಂದಕ್ಕೆ ಹೋಗಿ. ಎದೆ ತಾನಾಗಿ ಮುಂದಕ್ಕೆ ಬಾಗುತ್ತದೆ. ಕೋಲು ಮೂರರಲ್ಲಿ ಒಂದು ಕಡೆ ಬಿಟ್ಟುಕೊಂಡಿತೋ, ತೊಡೆಸಂದಿ ಮಡಚುವ ಬದಲು ಸೊಂಟ ಬಾಗಿದೆ ಎಂದರ್ಥ. ಮತ್ತೆ ಮೇಲಕ್ಕೆ ಬನ್ನಿ. ನನಗೆ ಮೊದಲ ವಾರ ಹತ್ತು ಸಲಕ್ಕೆ ಏಳು ಸಲ ಬಾಲಮೂಳೆಯ ಹತ್ತಿರ ಬಿಡುತ್ತಿತ್ತು. ಇದು ಒಗ್ಗಿದ ಮೇಲೆ ಮುಖ ತೊಳೆಯುವುದು, ಕಪಾಟಿನಿಂದ ಪಾತ್ರೆ ತೆಗೆಯುವುದು, ಬೆಂಚಿನ ಮೇಲಿನ ನೋಟ್‌ಬುಕ್ ತಿದ್ದುವುದು ಎಲ್ಲವೂ ಇದೇ ಚಲನೆ.

ಮನೆಗೆಲಸವೂ ಕೆಲಸವೇ

ಗೃಹಿಣಿಗೆ ರಜಾ ಅರ್ಜಿ ಬರೆಯಲು ಯಾವ ಆಫೀಸೂ ಇಲ್ಲ. ಅದಕ್ಕೇ ಹೆಂಗಸರು ‘ಬರೀ ಅಡುಗೆ ತಾನೇ’ ಎಂದು ಹತ್ತನೇ ದಿನಕ್ಕೇ ಶುರು ಮಾಡಿಬಿಡುತ್ತಾರೆ. ಬೆನ್ನಿನ ಲೆಕ್ಕದಲ್ಲಿ ನೋಡಿ: ಕಡ್ಡಿ ಪೊರಕೆಯಲ್ಲಿ ಅಂಗಳ ಗುಡಿಸುವುದು ಬಾಗಿ ತಿರುಚುವ ಕೆಲಸ. ಕಲ್ಲಿನ ಮೇಲೆ ಬಟ್ಟೆ ಒಗೆಯುವುದು ಅದಕ್ಕಿಂತ ಕಷ್ಟದ್ದು. ಮೊದಲ ಎರಡು ವಾರ ಯಾವುದೂ ಬೇಡ. ಆಮೇಲೆ ಕಟ್ಟೆಯ ಮುಂದೆ ನಿಂತು ತರಕಾರಿ ಹೆಚ್ಚುವುದು, ಕಾಫಿ ಮಾಡುವುದು. ಈಳಿಗೆ ಮಣೆ ಬದಲು ಚಾಕು. ನಿಂತಾಗ ಒಂದು ಪಾದವನ್ನು ಇಟ್ಟಿಗೆಯ ಮೇಲೋ ಕುಳ್ಳ ಸ್ಟೂಲಿನ ಮೇಲೋ ಇಟ್ಟು, ಐದೈದು ನಿಮಿಷಕ್ಕೆ ಕಾಲು ಬದಲಿಸಿ. ಸೊಂಟಕ್ಕೆ ಎಷ್ಟು ಹಗುರ ಎಂದು ಮಾಡಿಯೇ ನೋಡಬೇಕು. ಆರು ವಾರದ ಮೇಲೆ ಉದ್ದ ಹಿಡಿಯ ಪೊರಕೆ, ಮಾಪು. ದೊಡ್ಡ ಕುಕ್ಕರ್ ಇಳಿಸುವುದು, ಗ್ರೈಂಡರ್ ಕಲ್ಲು ಎತ್ತುವುದು, ನೀರಿನ ಕೊಡ ಸೊಂಟಕ್ಕೇರಿಸುವುದು ಮೂರು ತಿಂಗಳವರೆಗೆ ಬೇರೆಯವರ ಕೆಲಸ. ಗಂಡ, ಮಕ್ಕಳಿಗೆ ಇದನ್ನು ಆಪರೇಷನ್‌ಗೆ ಮೊದಲೇ ಹಂಚಿಬಿಡಿ.

ಅತ್ತೆ ಮೊದಲು ನಾನು ನಡೆಯುವುದನ್ನು ನೋಡಿ ಗಾಬರಿಯಾಗುತ್ತಿದ್ದರು. ಒಂದು ದಿನ ಅವರನ್ನೂ ಫಿಸಿಯೋ ಹತ್ತಿರ ಕರೆದುಕೊಂಡು ಹೋದೆ. ಮರುದಿನದಿಂದ ‘ಇವತ್ತಿನ ನಡಿಗೆ ಆಯ್ತಾ?’ ಎಂದು ಕೇಳುವವರು ಅವರೇ ಆದರು. ಮನೆಯ ಹಿರಿಯರ ಜೊತೆ ವಾದ ಮಾಡುವ ಬದಲು ಜೊತೆಗೆ ಕರೆದೊಯ್ಯಿರಿ.

ಕೆಲಸಕ್ಕೆ ಮರಳುವುದು

ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗೆ. ಡಿಸ್ಕೆಕ್ಟಮಿ ಆಗಿ ಮೇಜಿನ ಕೆಲಸ ಇರುವವರಿಗೆ 2ರಿಂದ 6 ವಾರ, ಭಾರದ ಕೆಲಸದವರಿಗೆ 8ರಿಂದ 12 ವಾರ. ಫ್ಯೂಷನ್ ಆದವರಿಗೆ ಮೇಜಿನ ಕೆಲಸಕ್ಕೆ 6ರಿಂದ 12 ವಾರ, ಮೈಮುರಿಯುವ ಕೆಲಸಕ್ಕೆ 4ರಿಂದ 6 ತಿಂಗಳು ಅಥವಾ ಇನ್ನೂ ಜಾಸ್ತಿ. ಇವು ಸುಮಾರಿನ ಲೆಕ್ಕ. ನಿಮ್ಮ ದೇಹ ತಯಾರಿದೆಯೋ ಇಲ್ಲವೋ ತಿಳಿಯಲು ಮನೆಯಲ್ಲೇ ರಿಹರ್ಸಲ್ ಮಾಡಿ.

ನನ್ನ ಪೀರಿಯಡ್ 40 ನಿಮಿಷ. ಐದನೇ ವಾರದಲ್ಲಿ ಬೀರುವಿನ ಮುಂದೆ ನಿಂತು, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು 40 ನಿಮಿಷ ಜೋರಾಗಿ ಪಾಠ ಮಾಡಿದೆ. ಮೊದಲ ದಿನ 25ನೇ ನಿಮಿಷಕ್ಕೆ ಕಾಲು ಸೋತಿತು. ವಾರ ಕಳೆದ ಮೇಲೆ ದಿನಕ್ಕೆ ಮೂರು ಪೀರಿಯಡ್ ಆಯಿತು. ಕಂಪ್ಯೂಟರ್ ಕೆಲಸದವರು ಮೂರು ದಿನ ಆಫೀಸಿನ ಟೈಮಿಗೆ ಸರಿಯಾಗಿ ಮನೆಯಲ್ಲೇ ಕೂತು ಏಳಿ. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲಿಟ್ಟು ಸ್ಕ್ರೀನನ್ನು ಕಣ್ಣಿನ ಮಟ್ಟಕ್ಕೆ ತನ್ನಿ, ಕೀಬೋರ್ಡ್ ಬೇರೆ ಇರಲಿ. ಮೂರನೇ ದಿನದ ಸಂಜೆಯೂ ಕಾಲು ಸುಮ್ಮನಿದ್ದರೆ ಹೊರಡಬಹುದು.

ಡಾಕ್ಟರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ಬರೆಸುವಾಗ ಬರೀ ‘ಫಿಟ್’ ಅಥವಾ ‘ಲೈಟ್ ವರ್ಕ್’ ಎಂದು ಬರೆಸಬೇಡಿ. ಲೈಟ್ ವರ್ಕ್ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ‘ಇಂಥ ದಿನಾಂಕದವರೆಗೆ 5 ಕೆ.ಜಿ. ಮೇಲೆ ಎತ್ತುವಂತಿಲ್ಲ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕು, ಎರಡು ವಾರ ಅರ್ಧ ದಿನದ ಕೆಲಸ’ ಎಂದು ಬಿಡಿಸಿ ಬರೆಸಿ. ಸೋಮವಾರದ ಬದಲು ಬುಧವಾರವೋ ಗುರುವಾರವೋ ಡ್ಯೂಟಿಗೆ ಸೇರಿ, ವಾರದ ಕೊನೆಗೆ ಬೇಗ ವಿಶ್ರಾಂತಿ ಸಿಗುತ್ತದೆ.

ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಇರುವವರು ರಜೆಯ ಹಣ ಬಿಟ್ಟುಕೊಡಬೇಡಿ. ಕಾಯಿಲೆಯ ರಜೆಗೆ ವರ್ಷಕ್ಕೆ 91 ದಿನದವರೆಗೆ ದಿನಗೂಲಿಯ ಶೇ 70 ಸಿಗುತ್ತದೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು, ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಬೇಕು. ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಡಿಸ್ಕ್ ಜಾರುವುದೂ ಇದೆ. ಎರಡು ವರ್ಷ ಸೇವೆ ಆಗಿದ್ದು ಉಳಿದ ಷರತ್ತೂ ಹೊಂದಿದರೆ ಶೇ 80ರಂತೆ ಇನ್ನೂ ಹೆಚ್ಚು ದಿನ ಸಿಗಬಹುದು, ಶಾಖಾ ಕಚೇರಿಯಲ್ಲಿ ಕೇಳಿ. ಸರ್ಕಾರಿ ನೌಕರರು ವೈದ್ಯಕೀಯ ಸರ್ಟಿಫಿಕೇಟ್ ಕೊಟ್ಟು ಅರ್ಧ ವೇತನ ರಜೆಯನ್ನು ಪೂರ್ತಿ ಸಂಬಳದ ಪರಿವರ್ತಿತ ರಜೆಯಾಗಿ ಪಡೆಯಬಹುದು. ಕಾಲಿನ ಬಲ ಶಾಶ್ವತವಾಗಿ ಹೋಗಿ ಹಳೆಯ ಕೆಲಸ ಆಗದಿದ್ದರೂ ಸರ್ಕಾರಿ ಸಂಸ್ಥೆಯವರು ಕೆಲಸದಿಂದ ತೆಗೆಯುವಂತಿಲ್ಲ, ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ.

ಸ್ವಂತ ದುಡಿಮೆಯವರಿಗೆ ಇದ್ಯಾವುದೂ ಇಲ್ಲ. ಚಿಕ್ಕಪ್ಪ ಆಪರೇಷನ್‌ಗೆ ಹೋಗುವ ಮುಂಚೆಯೇ ಆಟೋವನ್ನು ಪರಿಚಯದ ಹುಡುಗನಿಗೆ ದಿನದ ಬಾಡಿಗೆಗೆ ಕೊಟ್ಟರು. ಸಾಲದ ಕಂತು ಅದರಲ್ಲೇ ಹೋಯಿತು. ಆದ್ದರಿಂದಲೇ ಮೂಳೆ ಕೂಡುವ ತನಕ ಕಾಯಲು ಅವರಿಂದ ಸಾಧ್ಯವಾಯಿತು. ಎಕ್ಸ್‌ರೇ ನೋಡಿ ಡಾಕ್ಟರು ಒಪ್ಪಿದ್ದು ಆರನೇ ತಿಂಗಳಿಗೆ. ಮೊದಲ ಹದಿನೈದು ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಾತ್ರ ಓಡಿಸಿದರು. ಹಳ್ಳಿ ರಸ್ತೆಯ ಬಾಡಿಗೆ ಒಪ್ಪಲಿಲ್ಲ. ಲಗೇಜನ್ನು ಪ್ಯಾಸೆಂಜರೇ ಇಡಬೇಕು ಎಂದು ಮೊದಲೇ ಹೇಳುತ್ತಿದ್ದರು.

ರೈತರು ಬೆನ್ನಿಗೆ ಹೊರುವ ಔಷಧಿ ಪಂಪನ್ನು ಕೊನೆಗೆ ಬಿಡಿ. 16 ಲೀಟರ್ ತುಂಬಿದರೆ ಇಪ್ಪತ್ತು ಕೆ.ಜಿ. ಹತ್ತಿರ. ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂರುವುದು, ಟ್ರ್ಯಾಕ್ಟರ್ ಕುಲುಕಾಟ, ಕಳೆ ಕೀಳುವುದು ಇವೆಲ್ಲ ಮೂರು ತಿಂಗಳ ನಂತರ, ಫ್ಯೂಷನ್ ಆಗಿದ್ದರೆ ಡಾಕ್ಟರು ಹೇಳಿದ ಮೇಲೆ. ತೋಟಕ್ಕೆ ನಡೆದು ಹೋಗಿ ನೋಡಿಕೊಂಡು ಬರುವುದನ್ನು ಮಾತ್ರ ಎರಡನೇ ವಾರದಿಂದಲೇ ಮಾಡಬಹುದು. ಮನಸ್ಸಿಗೂ ಅದು ಬೇಕು.

ದಾರಿ ಪ್ರಯಾಣ

ಎಷ್ಟೋ ಜನರಿಗೆ ಕೆಲಸಕ್ಕಿಂತ ಕೆಲಸಕ್ಕೆ ಹೋಗುವ ದಾರಿಯೇ ಕಷ್ಟ. ಬಸ್ಸಲ್ಲಿ ಹಿಂದಿನ ಸೀಟು ಬೇಡ, ಹಿಂದಿನ ಚಕ್ರದಾಚೆ ಎಗರಾಟ ಜಾಸ್ತಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸೀಟು ಹಿಡಿಯಿರಿ. ನಾನು ಮೊದಲ ತಿಂಗಳು ಒಂದು ಬಸ್ ಮುಂಚೆ ಹೋಗುತ್ತಿದ್ದೆ, ರಶ್ ಇಲ್ಲದ್ದಕ್ಕೆ. ಕಾರು ಓಡಿಸುವುದಾದರೆ ನಿದ್ದೆ ತರುವ ಮಾತ್ರೆ ನಿಂತಿರಬೇಕು, ನೋವಿಲ್ಲದೆ ದಿಢೀರ್ ಬ್ರೇಕ್ ತುಳಿಯಲು ಆಗಬೇಕು. ನರದ ನೋವಿಗೆ ಕೊಡುವ ಪ್ರಿಗಾಬಾಲಿನ್, ಗಾಬಾಪೆಂಟಿನ್ ಮಾತ್ರೆಗಳಿಂದ ಮಂಪರು ಬರುತ್ತದೆ. ಅವನ್ನು ಒಮ್ಮೆಲೇ ನಿಲ್ಲಿಸಲೂಬಾರದು, ಡಾಕ್ಟರು ಹೇಳಿದಂತೆ ಇಳಿಸಬೇಕು. ಬೈಕ್, ಸ್ಕೂಟರ್ ಆರು ವಾರದ ಮೊದಲು ಬೇಡ. ಹಿಂದೆ ಕೂರುವುದು ಓಡಿಸುವುದಕ್ಕಿಂತ ಅಪಾಯ, ಗುಂಡಿ ಬರುವುದು ನಿಮಗೆ ಕಾಣುವುದೇ ಇಲ್ಲ. ಸ್ಟ್ಯಾಂಡ್ ಹಾಕಲು ಗಾಡಿ ಎಳೆಯುವುದಂತೂ ಬೇಡ, ಸೈಡ್ ಸ್ಟ್ಯಾಂಡ್ ಸಾಕು.

ನರದ ಲೆಕ್ಕವೇ ಬೇರೆ

ಕಾಲುನೋವು ಮೊದಲು ಹೋಗುತ್ತದೆ. ಬಲ ಆಮೇಲೆ ಬರುತ್ತದೆ. ಜೋಮು, ಮರಗಟ್ಟುವಿಕೆ ಹೋಗುವುದು ಕೊನೆಗೆ, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ. ಪೆಟ್ಟಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಸೊಂಟದಿಂದ ಪಾದಕ್ಕೆ ಎಷ್ಟು ದೂರ ಎಂದು ನೀವೇ ಅಳೆದುಕೊಳ್ಳಿ. ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ನನಗೆ ಒತ್ತಿದ್ದು ಎಸ್1 ನರ. ಅದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲಿಸುವ ನರ. ಶಾಲೆಗೆ ಸೇರಿದ ದಿನ ಬೋರ್ಡಿನ ಮೇಲ್ತುದಿಯಲ್ಲಿ ದಿನಾಂಕ ಬರೆಯಲು ಹೋದರೆ ಎಡಗಾಲು ಎತ್ತಲೇ ಇಲ್ಲ. ಒಬ್ಬ ಹುಡುಗ ಬಂದು ಬರೆದುಕೊಟ್ಟ. ಗೋಡೆ ಹಿಡಿದು ಎರಡೂ ಕಾಲಿನ ಹಿಮ್ಮಡಿ ಎತ್ತುವುದು, ಆಮೇಲೆ ಎಡಗಾಲು ಒಂದರಲ್ಲೇ ಎತ್ತುವುದು, ಇದು ಫಿಸಿಯೋ ಕೊಟ್ಟ ಹೋಮ್‌ವರ್ಕ್. ಎಡಗಾಲಿನ ಲೆಕ್ಕ ಮೂರನೇ ತಿಂಗಳಿಗೆ 2, ಐದನೇ ತಿಂಗಳಿಗೆ 9. ಏಳನೇ ತಿಂಗಳಲ್ಲಿ ಒಂದು ದಿನ ದಿನಾಂಕ ಬರೆದು ಮುಗಿಸಿದ ಮೇಲೆ ಗೊತ್ತಾಯಿತು, ನಾನು ತುದಿಗಾಲಲ್ಲಿ ನಿಂತಿದ್ದೆ. ಈಗ ಇಪ್ಪತ್ತಕ್ಕೆ ಎರಡು ಕಡಿಮೆ. ಹಾಜರಿ ಪುಸ್ತಕದಲ್ಲಿ ಇನ್ನೂ ಬರೆಯುತ್ತಿದ್ದೇನೆ.